ಹದಿನಾಲ್ಕನೇ ಪ್ರಶ್ನೆಗೆ ಹೌದು

ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ತನ್ನ ಬಾಯಿಂದ ವಾಸನೆ ಬರುತ್ತಿದೆ ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತು. ಆರು ವರ್ಷದಿಂದ ಒಂದು ತೊಟ್ಟು ಮುಟ್ಟಿದವಳಲ್ಲ. ಬೆಳಿಗ್ಗೆ ಎರಡು ಸಲ ಹಲ್ಲುಜ್ಜಿ, ಬರೀ ಒಂದು ಲೋಟ ಬಿಸಿನೀರು ಕುಡಿದು ಮನೆ ಬಿಟ್ಟಿದ್ದಳು. ಆದರೂ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ಬಿಟ್ಟು, ಮೂಸಿ ನೋಡಿದಳು. ಏನೂ ಇರಲಿಲ್ಲ. ಏನೂ ಇಲ್ಲದಿರುವುದೇ ಅನುಮಾನ ಹುಟ್ಟಿಸಿತು. ಕುಡಿಯುತ್ತಿದ್ದ ದಿನಗಳಲ್ಲೂ ತನಗೆ ಏನೂ ತಿಳಿಯುತ್ತಿರಲಿಲ್ಲ, ತಿಳಿಯುತ್ತಿದ್ದದ್ದು ಎದುರಿಗಿದ್ದವರಿಗೆ. ಆಗ ಕೆಲಸ ಮಾಡುತ್ತಿದ್ದ ಪೀಠೋಪಕರಣದ ಅಂಗಡಿಯಲ್ಲಿ ಗಿರಾಕಿಗಳು ಮಾತಾಡುತ್ತಾ ಮಾತಾಡುತ್ತಾ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದನ್ನು ಅವಳು ಮರ್ಯಾದೆ ಎಂದುಕೊಂಡಿದ್ದಳು.

"ಹಲ್ಲುನೋವಾ?" ಎಂದರು ಅತ್ತೆ.

"ಇಲ್ಲ ಅತ್ತೆ."

"ಮತ್ತೆ ಬಾಯಿಗೆ ಯಾಕೆ ಕೈ? ಬಸ್ಸಲ್ಲೂ ಹಾಗೇ ಮಾಡ್ತಿದ್ದೆ. ಪಕ್ಕದಲ್ಲಿ ಕೂತಿದ್ದವರು ನನ್ನನ್ನ ನೋಡೋಕೆ ಶುರು ಮಾಡಿದ್ರು, ಈ ಮುದುಕಿ ಸ್ನಾನ ಮಾಡಿಲ್ಲವೇನೋ ಅಂತ."

ಅತ್ತೆ ಯಾಕೆ ಬಂದರು ಎಂಬುದು ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಗಂಡ ಕಾರ್ಖಾನೆಗೆ ರಜೆ ಹಾಕುವುದಾಗಿ ಹೇಳಿದ್ದ. ಅತ್ತೆ, "ನೀನು ಬೇಡ, ನಾನು ಹೋಗ್ತೀನಿ," ಎಂದುಬಿಟ್ಟರು. ಎಪ್ಪತ್ತೊಂದು ವರ್ಷದ, ತರಕಾರಿ ಅಂಗಡಿಗೆ ಹೋಗುವುದಕ್ಕೂ ಹತ್ತು ಕಾರಣ ಕೇಳುವ ಅತ್ತೆ. ಆರು ವರ್ಷದಲ್ಲಿ ಆ ದಿನದ ಬಗ್ಗೆ ಅವರು ಒಂದು ಮಾತು ಆಡಿದ್ದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಮೂರು ದಿನ ಎತ್ತಾಡುವ ಹೆಂಗಸು, ಸೊಸೆ ಕುಡಿದು ಕಾರು ಗುದ್ದಿ ಪೊಲೀಸರ ಜೀಪಿನಲ್ಲಿ ಕೂತದ್ದನ್ನು ನುಂಗಿಕೊಂಡಿದ್ದರು. ಬೈದಿದ್ದರೆ ಸಾಲ ತೀರಿದ ಹಾಗಾದರೂ ಆಗುತ್ತಿತ್ತು. ಅವರು ಬೈಯಲಿಲ್ಲ. ಅಡುಗೆಮನೆಯಲ್ಲಿ ಪಕ್ಕಪಕ್ಕ ನಿಂತಾಗಲೆಲ್ಲ ಆ ಬೈಯದ ಬೈಗುಳ ಮೂರನೆಯವರ ಹಾಗೆ ಇಬ್ಬರ ನಡುವೆ ನಿಂತಿರುತ್ತಿತ್ತು.

ನರ್ಸುಗಳ ಮಂಡಳಿಯ ಕಟ್ಟಡ ಅಂಚೆ ಕಚೇರಿಯೋ ವಾಚನಾಲಯವೋ ಅನ್ನಿಸುವ ಹಾಗಿತ್ತು. ಎರಡನೇ ಮಹಡಿಯ ಹಜಾರದಲ್ಲಿ ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ನಿಧಾನವಾಗಿ ಓಡುತ್ತಿದ್ದ ಒಂದು ಗಡಿಯಾರ, ಕೌಂಟರಿನ ಕಿಟಕಿಯ ಆಚೆ ಒಬ್ಬ ಗುಮಾಸ್ತ. ಕುರ್ಚಿಗಳ ತುಂಬ ಈ ವರ್ಷ ಪಾಸಾದ ಹುಡುಗಿಯರು, ಅವರಲ್ಲಿ ಇಬ್ಬರು ಅವಳ ತರಗತಿಯವರೇ. ಮೊದಲ ವರ್ಷ ಅವಳನ್ನು "ಆಂಟಿ" ಎನ್ನುತ್ತಿದ್ದವರು ಎರಡನೇ ವರ್ಷಕ್ಕೆ "ಅಕ್ಕ" ಎನ್ನತೊಡಗಿದ್ದರು. ಮೂವತ್ತೈದು ದಾಟಿದ ಮೇಲೆ ಹತ್ತೊಂಬತ್ತರವರ ಜೊತೆ ಕೂತು ಓದುವುದರಲ್ಲಿ ಅಷ್ಟೇನೂ ಕಷ್ಟವಿರಲಿಲ್ಲ, ಕಷ್ಟವಿದ್ದದ್ದು, "ನೀವು ಯಾಕೆ ಇಷ್ಟು ತಡವಾಗಿ ಸೇರಿದ್ರಿ ಅಕ್ಕ?" ಎಂದು ಅವರು ಊಟದ ಡಬ್ಬಿ ಬಿಚ್ಚುತ್ತಾ ಕೇಳಿದಾಗ. ಮಗಳು ದೊಡ್ಡವಳಾಗಲಿ ಅಂತ ಕಾದೆ, ಎನ್ನುತ್ತಿದ್ದಳು. ನಿಜವಾದ ಉತ್ತರ ಬೇರೆ. ನ್ಯಾಯಾಧೀಶರು ಎರಡು ವರ್ಷ ಕಾರು ಓಡಿಸಬಾರದು ಎಂದು ಹೇಳಿ, ಆರು ತಿಂಗಳು ಪ್ರತಿ ಭಾನುವಾರ ಒಂದು ಆಸ್ಪತ್ರೆಯಲ್ಲಿ ಸೇವೆ ಮಾಡಬೇಕೆಂದು ಬರೆದರು. ಶಿಕ್ಷೆ ಎಂದು ಹೋದಳು. ನೀರಿನ ಹೂಜಿ ತುಂಬಿಸುವುದು, ಗಾಲಿಕುರ್ಚಿ ತಳ್ಳುವುದು. ಒಂದು ಭಾನುವಾರ ಎರಡೂ ಕೈಗೆ ಪಟ್ಟಿ ಹಾಕಿಸಿಕೊಂಡಿದ್ದ ಮುದುಕಿಯೊಬ್ಬಳು, "ತಲೆ ಬಾಚ್ತೀಯೇನಮ್ಮ, ಮಗ ಬರ್ತಾನೆ," ಎಂದಳು. ಸಿಕ್ಕು ಬಿಡಿಸುತ್ತಾ ಬಿಡಿಸುತ್ತಾ ಅವಳಿಗೆ ತನ್ನ ಕೈ ನಡುಗುತ್ತಿಲ್ಲ ಎಂಬುದು ಕಂಡಿತು. ತಿಂಗಳುಗಟ್ಟಲೆ ನಡುಗಿದ ಕೈ. ಆರು ತಿಂಗಳು ಮುಗಿದ ಮೇಲೂ ಭಾನುವಾರ ಹೋಗುತ್ತಲೇ ಇದ್ದಳು, ಬೇಡವೆಂದು ಹೇಳುವವರು ಯಾರೂ ಇರಲಿಲ್ಲ.

ನರ್ಸ್ ಕೆಲಸ ಮಾಡಲು ಬೇಕಾದ ಸನ್ನದಿನ ಅರ್ಜಿಯಲ್ಲಿ ಹದಿನಾಲ್ಕನೇ ಪ್ರಶ್ನೆ: ನಿಮಗೆ ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ? ಹೌದು, ಇಲ್ಲ, ಎರಡು ಚೌಕ. ಅದನ್ನು ತುಂಬಲು ಅವಳಿಗೆ ಹನ್ನೊಂದು ದಿನ ಹಿಡಿಯಿತು. ಉಳಿದ ಮೂವತ್ತು ಪ್ರಶ್ನೆಗೆ ಹತ್ತು ನಿಮಿಷ. ಕೊನೆಗೆ "ಹೌದು" ಎಂದು ಗುರುತು ಹಾಕಿದಳು. ವಿವರವನ್ನು ಗಂಡನ ಗೆಳೆಯ, ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟವನು, ಒಂದು ಪುಟದಲ್ಲಿ ನುಣ್ಣಗೆ ಬರೆದುಕೊಟ್ಟ. ಅದರಲ್ಲಿ ಅವಳು ಕುಡಿದಿರಲಿಲ್ಲ, "ಮದ್ಯದ ಪ್ರಭಾವಕ್ಕೆ ಒಳಗಾಗಿದ್ದಳು", ಗುದ್ದಿರಲಿಲ್ಲ, "ವಾಹನವು ಶಾಲೆಯ ಗೇಟಿಗೆ ತಾಗಿತ್ತು", ಮತ್ತು ನಾಲ್ಕನೇ ಸಾಲಿನಲ್ಲಿ, "ಸದರಿ ಘಟನೆಯಲ್ಲಿ ಯಾರಿಗೂ ಯಾವುದೇ ಗಾಯವಾಗಿರುವುದಿಲ್ಲ." ಪೊಲೀಸರ ಕಾಗದದಲ್ಲೂ ಹಾಗೆಯೇ ಇತ್ತು. ಅವಳು ಸಹಿ ಹಾಕಿದಳು. ಸಹಿ ಹಾಕಿದ ದಿನದಿಂದ ಆ ನಾಲ್ಕನೇ ಸಾಲು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು.

ಗುಮಾಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಕೈಯಲ್ಲಿದ್ದ ಕಡತದ ಮೇಲಿನ ಹೆಸರು ಓದುವ ಗೋಜಿಗೆ ಹೋಗದೆ, ಇಡೀ ಹಜಾರಕ್ಕೆ ಕೇಳುವ ಹಾಗೆ, "ಕುಡಿದು ಗಾಡಿ ಓಡಿಸಿದ ಕೇಸು ಯಾರದ್ರೀ?" ಎಂದ.

ಅವಳ ತರಗತಿಯ ಹುಡುಗಿಯರು ಯಾರಿರಬಹುದು ಎಂದು ಸುತ್ತ ನೋಡಿದರು. ಎದ್ದು ನಿಲ್ಲಬೇಕು ಎಂದು ಅವಳಿಗೆ ಗೊತ್ತಿತ್ತು, ಚೀಲದ ಜಿಪ್ಪು ಎಳೆಯುತ್ತಾ ಕೂತೇ ಇದ್ದಳು. ಅಷ್ಟರಲ್ಲಿ ಪಕ್ಕದ ಕುರ್ಚಿ ಕಿರುಗುಟ್ಟಿತು.

"ನಮ್ದೇ," ಎಂದರು ಅತ್ತೆ, ಚೀಲವನ್ನು ಎದೆಗವಚಿಕೊಂಡು ಎದ್ದು ನಿಂತು.

ಗುಮಾಸ್ತ ಅವರನ್ನು ಮೇಲಿಂದ ಕೆಳಗೆ ನೋಡಿದ. "ನೀವಾ ಅಮ್ಮ?"

"ನಮ್ದು ಅಂದೆ. ಇಷ್ಟು ಜೋರಾಗಿ ಕೂಗೋ ಅವಶ್ಯಕತೆ ಇಲ್ಲಪ್ಪ, ನನಗೆ ಕಿವಿ ಚೆನ್ನಾಗೇ ಕೇಳುತ್ತೆ."

ಯಾರೋ ಒಬ್ಬಳು ಕಿಸಕ್ಕೆಂದಳು. ಆಗ ಅವಳೂ ಎದ್ದಳು. "ನನ್ನದು," ಎಂದಳು. ಹೇಳಿದ ಮೇಲೆ ನೋಡಿದರೆ ಛಾವಣಿ ಕುಸಿದು ಬಿದ್ದಿರಲಿಲ್ಲ. ಇಬ್ಬರು ಹುಡುಗಿಯರಲ್ಲಿ ಒಬ್ಬಳು ನೆಲ ನೋಡುತ್ತಿದ್ದಳು. ಇನ್ನೊಬ್ಬಳು ಸರಿದು, ಅವಳ ಚೀಲ ತಗುಲದ ಹಾಗೆ ದಾರಿ ಬಿಟ್ಟಳು. ಅದು ಕನಿಕರವೋ ಹೇಸಿಗೆಯೋ ಎಂದು ಬಾಗಿಲವರೆಗೂ ಲೆಕ್ಕ ಹಾಕುತ್ತಾ ಹೋದಳು.

ಒಳಗೆ ಮೂವರಿದ್ದರು. ನಡುವೆ ಅಧ್ಯಕ್ಷೆ, ನಿವೃತ್ತ ನರ್ಸ್ ಎಂದು ಕೇಳಿದ್ದಳು. ತೊಳೆದು ತೊಳೆದು ಒಡೆದುಹೋದ ಬೆರಳ ಗೆಣ್ಣುಗಳು ಅದನ್ನು ಹೇಳುತ್ತಿದ್ದವು. ಎಡಕ್ಕೆ ಒಬ್ಬ ವಕೀಲರು. ಬಲಕ್ಕೆ ಒಬ್ಬ ವೈದ್ಯರು, ಅರ್ಧ ಮನಸ್ಸು ಮೊಬೈಲಿನಲ್ಲಿ. ಕುರ್ಚಿ ಮೇಜಿನಿಂದ ಸ್ವಲ್ಪ ದೂರವಿತ್ತು. ಅದನ್ನು ಮುಂದಕ್ಕೆ ಎಳೆದುಕೊಳ್ಳುವುದು ಸರಿಯೋ, ಹಾಗೆಯೇ ಕೂರುವುದು ಸರಿಯೋ. ದೂರವೇ ಕೂತಳು, ಉಸಿರು ಅವರಿಗೆ ತಲುಪದಿರಲಿ ಎಂದು.

ಮೊದಲಿನ ಪ್ರಶ್ನೆಗಳೆಲ್ಲ ಕಾಗದದಲ್ಲಿದ್ದವೇ. ಚಿಕಿತ್ಸೆ ಎಷ್ಟು ದಿನ? ಹನ್ನೊಂದು ತಿಂಗಳು. ಕುಡಿತ ಬಿಟ್ಟವರ ಸಭೆಗೆ ಈಗಲೂ ಹೋಗುತ್ತೀರಾ? ಪ್ರತಿ ಗುರುವಾರ, ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಅವತ್ತು ಒಂದೇ ದಿನ ಕುಡಿದದ್ದೋ? ಅಲ್ಲ, ಅದಕ್ಕೆ ಮುಂಚೆ ಒಂದೂವರೆ ವರ್ಷ, ಸ್ಟೀಲಿನ ನೀರಿನ ಬಾಟಲಿಯಲ್ಲಿ, ಕೆಲಸದ ಹೊತ್ತಿನಲ್ಲಿ. ವೈದ್ಯರು ಮೊಬೈಲು ಕೆಳಗಿಟ್ಟರು. ಮೂಳೆ ವಾರ್ಡಿನ ಹಿರಿಯ ಸಿಸ್ಟರ್ ಬರೆದುಕೊಟ್ಟ ಪತ್ರವನ್ನು ಅಧ್ಯಕ್ಷೆ ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಕೇಳಿದರು.

"ನಾಳೆ ನಿಮ್ಮ ಕೈಯಿಂದ ಒಬ್ಬ ರೋಗಿಗೆ ತಪ್ಪು ಮಾತ್ರೆ ಹೋಯ್ತು ಅಂತ ಇಟ್ಕೊಳ್ಳಿ. ಯಾರೂ ನೋಡಿಲ್ಲ. ರೋಗಿನೂ ಆರಾಮಾಗೇ ಕಾಣ್ತಿದಾರೆ, ಏನೂ ಆಗಿಲ್ಲ ಅಂತಾರೆ. ಏನ್ ಮಾಡ್ತೀರಿ?"

ಇದು ಮೊದಲ ವರ್ಷದ ಪುಸ್ತಕದ ಪ್ರಶ್ನೆ. ಉತ್ತರ ನಿದ್ದೆಯಲ್ಲೂ ಬರುತ್ತಿತ್ತು. "ರೋಗಿಯನ್ನ ಪರೀಕ್ಷೆ ಮಾಡ್ತೀನಿ, ತಕ್ಷಣ ವೈದ್ಯರಿಗೂ ಹಿರಿಯ ಸಿಸ್ಟರಿಗೂ ತಿಳಿಸ್ತೀನಿ, ಬರೆದಿಡ್ತೀನಿ. ರೋಗಿ ಆರಾಮ ಇದೀನಿ ಅಂದ್ರೂ ಸುಮ್ಮನಿರೋ ಹಾಗಿಲ್ಲ, ಯಾಕಂದ್ರೆ..." ಎಂದವಳು ಅಲ್ಲಿಗೇ ನಿಂತಳು. ಅವತ್ತೂ ಯಾರೂ ನೋಡಿರಲಿಲ್ಲ. ಏನೂ ಆಗಿಲ್ಲ ಅಂದಿದ್ದರು. ಮಧ್ಯಾಹ್ನ ಮೂರೂವರೆಯ ಬಿಸಿಲು, ಶಾಲೆಯ ಗೇಟು, ಹಸಿರು ಬಣ್ಣ. ಗೇಟು ಇನ್ನೂ ದೂರವಿದೆ ಎಂದುಕೊಂಡಿದ್ದಳು, ಅದು ತಾನಾಗಿ ನಡೆದು ಬಂದ ಹಾಗೆ ಬಂದಿತ್ತು. ಗಾಜಿನ ಆಚೆ ಎಂಟು ವರ್ಷದ ಮಗಳು ನೀರಿನ ಡಬ್ಬಿ ಕುತ್ತಿಗೆಗೆ ಹಾಕಿಕೊಂಡು ಅಮ್ಮನ ಕಾರು ನೋಡಿ ಮುಂದಕ್ಕೆ ಓಡಿ ಬರುತ್ತಿದ್ದಳು. ಬ್ರೇಕು ಎಂದುಕೊಂಡು ಒತ್ತಿದ್ದು ಬ್ರೇಕಲ್ಲ. ಆಗ ಎಲ್ಲಿಂದಲೋ ಒಂದು ಖಾಕಿ ತೋಳು.

"ಯಾಕಂದ್ರೆ?" ಎಂದರು ಅಧ್ಯಕ್ಷೆ.

"ಮೇಡಂ, ನನ್ನ ಹೇಳಿಕೆಯಲ್ಲಿ ನಾಲ್ಕನೇ ಸಾಲು ಸುಳ್ಳು."

ಅವಳ ದನಿ ಅವಳಿಗೇ ಪಕ್ಕದ ಮನೆಯ ರೇಡಿಯೋ ಹಾಗೆ ಕೇಳಿಸುತ್ತಿತ್ತು.

"ಗಾಯ ಆಗಿತ್ತು. ಶಾಲೆಯ ಕಾವಲುಗಾರರಿಗೆ. ಮಕ್ಕಳೆಲ್ಲ ಗೇಟಿನ ತಾತ ಅಂತಿದ್ರು. ಕಾರು ನೇರ ನನ್ನ ಮಗಳ ಮೇಲೇ ಹೋಗ್ತಿತ್ತು. ಅವರು ಅವಳನ್ನ ಎಳ್ಕೊಂಡು ಪಕ್ಕಕ್ಕೆ ಬಿದ್ರು. ಮಗಳಿಗೆ ತರಚಲೂ ಇಲ್ಲ. ಪೊಲೀಸರು, ಯಾರಿಗಾದ್ರೂ ಪೆಟ್ಟಾಯ್ತಾ ಅಂದಾಗ ತಾತ ಪ್ಯಾಂಟಿನ ಧೂಳು ಕೊಡವಿ, ಇಲ್ಲ ಅಂದ್ರು. ಆದ್ರೆ ಒಂದು ಕೈಯಲ್ಲಿ ಗೋಡೆ ಹಿಡ್ಕೊಂಡಿದ್ರು. ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರ್ತಿರಲಿಲ್ಲ. ನಾನು ನೋಡಿದೆ. ಹೇಳಿದ್ರೆ ಕೇಸು ದೊಡ್ಡದಾಗುತ್ತೆ ಅಂತ ಅಷ್ಟು ಅಮಲಲ್ಲೂ ಹೊಳೀತು. ಸುಮ್ಮನಾದೆ."

"ಇದು ಯಾವ ದಾಖಲೆಯಲ್ಲೂ ಇಲ್ಲ," ಎಂದರು ವಕೀಲರು, ಪುಟ ತಿರುವುತ್ತಾ.

"ಇಲ್ಲ ಸರ್."

"ನೀವು ಹೇಳದಿದ್ರೆ ನಮಗೆ ಗೊತ್ತಾಗ್ತಲೂ ಇರಲಿಲ್ಲ."

"ಇರಲಿಲ್ಲ."

"ಅರ್ಜಿಯಲ್ಲಿ ಸುಳ್ಳು ಬರೆದಿದ್ದೀರಿ ಅನ್ನೋ ಒಂದೇ ಕಾರಣಕ್ಕೆ ಇದನ್ನ ತಿರಸ್ಕರಿಸಬಹುದು. ಅದು ತಿಳಿದಿದೆಯಾ?"

"ತಿಳಿದಿದೆ."

ಅಧ್ಯಕ್ಷೆ ಕೈ ಎತ್ತಿ ವಕೀಲರನ್ನು ತಡೆದರು. "ಆ ತಾತ ಈಗ ಎಲ್ಲಿದಾರೆ?"

ನರ್ಸಿಂಗ್ ಓದಿನ ಎರಡನೇ ವರ್ಷ, ಮೂಳೆ ವಾರ್ಡಿನಲ್ಲಿ, ಮೊಣಕಾಲಿಗೆ ಪಟ್ಟಿ ಸುತ್ತುವುದನ್ನು ಕಲಿಯುತ್ತಿದ್ದ ದಿನ. ರೋಗಿಯೊಬ್ಬ ಮಂಚದ ಕಂಬಿ ಹಿಡಿದು ಎದ್ದು ನಿಂತ, ಹಿಮ್ಮಡಿ ಊರದೆ, ಬರೀ ಬೆರಳ ತುದಿಯ ಮೇಲೆ. "ಇದನ್ನ ನೋಡ್ಕೊಳ್ಳಿ, ಮೊಣಕಾಲೊಳಗೆ ನಾರು ಹರಿದಿದ್ರೆ ಹೀಗೇ ನಿಲ್ಲೋದು," ಎಂದರು ಹಿರಿಯ ಸಿಸ್ಟರ್. ಅವಳು ತಟ್ಟೆ ಕೆಳಗಿಟ್ಟು ಶೌಚಾಲಯಕ್ಕೆ ಹೋಗಿ, ನಲ್ಲಿ ತಿರುಗಿಸಿ, ಬಹಳ ಹೊತ್ತು ಕೈ ತೊಳೆದಳು. ಆ ಭಾನುವಾರ ಮಗಳ ಹಳೆಯ ಶಾಲೆಗೆ ಹೋದಳು. ಗೇಟಿನಲ್ಲಿ ಬೇರೆ ಯಾರೋ ಇದ್ದರು. ಅವರಿಂದ ವಿಳಾಸ ಪಡೆದು ಹುಡುಕಿದಾಗ ತಾತ ಮಗನ ಸೈಕಲ್ ರಿಪೇರಿ ಅಂಗಡಿಯ ಮುಂದೆ ಕಾಲು ಚಾಚಿ ಕೂತಿದ್ದರು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ಅವರು ಕೇಳಿದ ಮೊದಲ ಮಾತು, "ಮಗು ಹೇಗಿದೆಯಮ್ಮ?" ಅವಳು ಆ ಅಂಗಡಿಯ ಮುಂದೆ, ಪಂಕ್ಚರ್ ಹಾಕುವ ನೀರಿನ ತೊಟ್ಟಿಯ ಪಕ್ಕದಲ್ಲಿ, ನಿಂತಲ್ಲೇ ಅತ್ತಳು. ತಾತನಿಗೆ ಗಾಬರಿಯಾಗಿ, ಮಗುವಿಗೆ ಏನೋ ಆಗಿದೆ ಎಂದುಕೊಂಡು ಅವರೂ ಅಳುವ ಹಾಗಾದರು.

ಇದನ್ನೆಲ್ಲ ಅವಳು ಹೇಳಿದಳೋ, ಅರ್ಧ ಹೇಳಿದಳೋ. ತಾತನನ್ನು ವಾರ್ಡಿಗೆ ಕರೆತಂದದ್ದನ್ನು ಹೇಳಿದಳು. ನಾಲ್ಕು ವರ್ಷ ಹಳೆಯ ಪೆಟ್ಟು, ಪೂರ್ತಿ ಸರಿಹೋಗುವುದಿಲ್ಲ ಎಂದರು ಅಲ್ಲಿನ ವೈದ್ಯರು, ವ್ಯಾಯಾಮ ಹೇಳಿಕೊಟ್ಟರು. ಒಂದು ವರ್ಷ ಪ್ರತಿ ಭಾನುವಾರ ಹೋಗಿ ತಾನೇ ಮಾಡಿಸಿದ್ದನ್ನು ಹೇಳಿದಳು. "ಈಗ ಕೋಲು ಹಿಡಿದು ನಡೀತಾರೆ. ಮೆಟ್ಟಿಲು ಇಳಿಯೋದು ಕಷ್ಟ. ಹೇಳಿಕೆ ಬರೆಯೋವಾಗ ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ."

"ಸ್ವಲ್ಪ ಹೊರಗೆ ಕೂತಿರಿ," ಎಂದರು ಅಧ್ಯಕ್ಷೆ.

ಹೊರಗೆ ಅತ್ತೆ ಚೀಲದಿಂದ ಬಿಸ್ಕತ್ತು ತೆಗೆದು ಅವಳ ತರಗತಿಯ ಹುಡುಗಿಯರಿಗೆ ಹಂಚಿ, ಅವರ ಮನೆತನದ ವಿಚಾರವೆಲ್ಲ ವಿಚಾರಿಸಿಯಾಗಿತ್ತು. ಅವಳು ಪಕ್ಕದಲ್ಲಿ ಕೂತಳು. ಅತ್ತೆ ಅವಳ ಕೈಗೂ ಒಂದು ಬಿಸ್ಕತ್ತು ಇಟ್ಟರು. ನೆಲ ನೋಡುತ್ತಿದ್ದ ಹುಡುಗಿ ಈಗ ಎದ್ದು ಬಂದು, "ಅಕ್ಕ, ನೀರು," ಎಂದು ಬಾಟಲಿ ಚಾಚಿದಳು. ಇಷ್ಟೇ ಸಾಕಾಗಿತ್ತು. ಸನ್ನದು ಸಿಗುವುದಿಲ್ಲ ಎಂಬುದು ಆ ಹೊತ್ತಿಗೆ ಅವಳಿಗೆ ನಿರ್ಧಾರವಾಗಿತ್ತು, ಆದರೂ ಎದೆಯೊಳಗೆ ಎಲ್ಲೋ ಒಂದು ಕಡೆ ಜಾಗ ಖಾಲಿಯಾಗಿ, ಉಸಿರು ಬುಡದವರೆಗೆ ಇಳಿಯುತ್ತಿತ್ತು. ಮೂರು ವರ್ಷ ಕಲಿತದ್ದೇನೂ ವ್ಯರ್ಥವಲ್ಲ ಎಂದುಕೊಂಡಳು. ಆಸ್ಪತ್ರೆಯ ಆಯಾಳ ಕೆಲಸಕ್ಕೆ ಸನ್ನದು ಕೇಳುವುದಿಲ್ಲ. ತಲೆ ಬಾಚುವುದಕ್ಕೂ ಕೇಳುವುದಿಲ್ಲ. ಮನೆಯಲ್ಲಿ ಗಂಡನಿಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸುತ್ತಿದ್ದಾಗ ಗುಮಾಸ್ತ ಮತ್ತೆ ತಲೆ ಹೊರಗೆ ಹಾಕಿದ. ಈ ಸಲ ಹತ್ತಿರ ಬಂದು, ಮೆತ್ತಗೆ, "ಒಳಗೆ ಕರೀತಿದಾರೆ," ಎಂದ. ಅತ್ತೆ ಅವನಿಗೂ ಒಂದು ಬಿಸ್ಕತ್ತು ಕೊಟ್ಟರು.

ಮೇಜಿನ ಮೇಲೆ ಅವಳ ಹೇಳಿಕೆಯ ಪುಟ ಅವಳ ಕಡೆಗೆ ತಿರುಗಿಸಿ ಇಟ್ಟಿತ್ತು, ಅದರ ಮೇಲೊಂದು ಪೆನ್ನು.

"ರೋಗಿಯ ಚಾರ್ಟಿನಲ್ಲಿ ತಪ್ಪಾದ್ರೆ ಹೇಗೆ ತಿದ್ತೀವಿ?" ಎಂದರು ಅಧ್ಯಕ್ಷೆ.

"ಅಳಿಸೋ ಹಾಗಿಲ್ಲ. ಒಂದೇ ಗೆರೆ ಎಳೀಬೇಕು, ಕೆಳಗಿರೋದು ಓದೋಕೆ ಬರೋ ಹಾಗೆ. ಪಕ್ಕದಲ್ಲಿ ಸರಿಯಾದ್ದು ಬರೆದು, ತಾರೀಖು ಹಾಕಿ ಸಹಿ."

"ಮಾಡಿ ಮತ್ತೆ."

ಅವಳು ನಾಲ್ಕನೇ ಸಾಲಿನ ಮೇಲೆ ಗೆರೆ ಎಳೆದಳು. ಅಂಚಿನಲ್ಲಿ ಜಾಗ ಸಣ್ಣದು. ಗೇಟಿನ ತಾತ ಎಂದು ಬರೆಯಲು ಹೋಗಿ, ನಿಲ್ಲಿಸಿ, ಅವರ ಪೂರ್ತಿ ಹೆಸರು ಬರೆದಳು. ಎಡ ಮೊಣಕಾಲು ಎಂದು ಬರೆದಳು. ತಾರೀಖು ಹಾಕಿ ಸಹಿ ಮಾಡಿದಳು.

ವಕೀಲರಿಗೆ ಪೂರ್ತಿ ಒಪ್ಪಿಗೆಯಿರಲಿಲ್ಲ ಎಂಬುದು ಅವರ ಮುಖದಲ್ಲಿತ್ತು, ಆದರೂ ಆದೇಶ ಓದಿದವರು ಅವರೇ. ಸನ್ನದು ಕೊಡಲಾಗಿದೆ. ಎರಡು ವರ್ಷ ಷರತ್ತಿನ ಮೇಲೆ: ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆರು ತಿಂಗಳಿಗೊಮ್ಮೆ ವಾರ್ಡಿನ ಮುಖ್ಯಸ್ಥರ ವರದಿ, ಮೊದಲ ವರ್ಷ ಒಂಟಿಯಾಗಿ ಪಾಳಿ ಇಲ್ಲ. ಓದಿ ಮುಗಿಸಿ, "ಕೊಡಲಾಗಿದೆ ಅಂದೆ," ಎಂದು ಇನ್ನೊಮ್ಮೆ ಹೇಳಿದರು, ಅವಳು ಎದ್ದೇಳದಿದ್ದದ್ದು ನೋಡಿ.

ಬಾಗಿಲ ಹತ್ತಿರ ಹೋದವಳನ್ನು ಅಧ್ಯಕ್ಷೆ ಕೂಗಿದರು. "ನಿಮ್ಮ ಮೂಳೆ ವಾರ್ಡಿನ ಸಿಸ್ಟರಿಗೆ ನಾನು ಕೇಳಿದೆ ಅಂತ ಹೇಳಿ. ಒಂದು ಕಾಲದಲ್ಲಿ ನನ್ನ ಕೈ ಕೆಳಗಿದ್ದವಳು. ಇಷ್ಟುದ್ದ ಪತ್ರ ಅವಳು ಜನ್ಮದಲ್ಲಿ ಬರೆದಿರಲಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವಳು ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಅಂಗಡಿಗಳು, ಒಣಗಲು ಹಾಕಿದ ಬಟ್ಟೆ, ಸಿಗ್ನಲ್ಲಿನಲ್ಲಿ ಆಕಳಿಸುತ್ತಿದ್ದ ಒಬ್ಬ ಪೊಲೀಸಿನವನು. ಪೊಲೀಸಿನವನನ್ನು ನೋಡಿಯೂ ತಾನು ಮುಖ ತಿರುಗಿಸಲಿಲ್ಲ ಎಂಬುದು ಅವನು ಹಿಂದೆ ಸರಿದ ಮೇಲೆ ಗಮನಕ್ಕೆ ಬಂತು.

"ಒಂದು ಮಾತು ಹೇಳ್ಬೇಕು," ಎಂದರು ಅತ್ತೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ. "ಅವತ್ತು ಪುಟ್ಟೀನ ಕರ್ಕೊಂಡ್ ಬರ್ಬೇಕಾಗಿದ್ದು ನಾನು."

"ನಿಮಗೆ ಜ್ವರ ಇತ್ತಲ್ಲ ಅತ್ತೆ. ಫೋನ್ ಮಾಡಿದ್ರಲ್ಲ."

"ಜ್ವರ ಎಲ್ಲಿತ್ತು. ಟೀವಿಯಲ್ಲಿ ಧಾರಾವಾಹಿ ಬರ್ತಿತ್ತು. ಆ ಹುಡುಗಿ ಸಾಯ್ತಾಳೋ ಬದುಕ್ತಾಳೋ ಅಂತ ಹಿಂದಿನ ದಿನ ಅರ್ಧಕ್ಕೇ ನಿಲ್ಲಿಸಿದ್ರು. ಅದಕ್ಕೆ ನಿನಗೆ ಫೋನ್ ಮಾಡಿ ಮೈ ಬಿಸಿ ಅಂದೆ." ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನೀನು ಕುಡೀತೀಯ ಅಂತಾನೂ ನನಗೆ ಗೊತ್ತಿತ್ತು. ಬಾಟಲಿ ನಾನೇ ತೊಳೀತಿದ್ನಲ್ಲ."

ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಹೊರಟಿತು. ಆರು ವರ್ಷದ ಆ ಮೌನವನ್ನು ಅವಳು ಮತ್ತೆ ಮೊದಲಿಂದ ತಿರುವಿ ಹಾಕಿದಳು, ಅಡುಗೆಮನೆ, ಊಟದ ಹೊತ್ತು, ಔಷಧಿಯಂಗಡಿಗೆ ಜೊತೆಯಲ್ಲಿ ನಡೆದ ದಾರಿ. ಅಲ್ಲೆಲ್ಲ ನಿಂತಿದ್ದದ್ದು ತನ್ನ ಮೇಲಿನ ಬೈಗುಳವಾಗಿರಲೇ ಇಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತೆ?"

"ಏನಂತ ಹೇಳಲಿ? ನೀನು ಕೋರ್ಟಿಗೆ ಹೋದೆ. ನನಗೆ ಯಾವ ಕೋರ್ಟು?"

"ನೀವು ಫೋನ್ ಮಾಡದಿದ್ರೂ ಕುಡಿದಿದ್ದವಳು ನಾನೇ. ಆಟೋದಲ್ಲಿ ಹೋಗಬಹುದಾಗಿತ್ತು. ಆಗಲ್ಲ ಅನ್ನಬಹುದಾಗಿತ್ತು."

"ಅದೆಲ್ಲ ನನಗೂ ಗೊತ್ತು. ಆದ್ರೂ."

ಅವಳು ಅತ್ತೆಯ ಕೈ ಮೇಲೆ ಕೈಯಿಟ್ಟಳು. ಅವರು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಒಂದು ಪ್ರಶ್ನೆ ಬಂತು, ಕೇಳಬಾರದು ಎಂದುಕೊಂಡಳು, ಕೇಳಿಯೇಬಿಟ್ಟಳು.

"ಸತ್ತಳಾ?"

"ಯಾರು?"

"ಧಾರಾವಾಹಿಯ ಹುಡುಗಿ."

"ನಾನೆಲ್ಲಿ ನೋಡಿದೆ. ಅಷ್ಟರಲ್ಲಿ ನಿನ್ನ ವಿಷಯ ಬಂತಲ್ಲ." ಅತ್ತೆ ನಿಟ್ಟುಸಿರು ಬಿಟ್ಟರು. "ಆಮೇಲೆ ಆ ಟೀವಿ ಮುಂದೆ ಕೂರೋಕೇ ಆಗ್ಲಿಲ್ಲ ನನಗೆ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಭುಜ ಕುಲುಕಿತು. ಅತ್ತೆ ಮೊದಲು ಮುಖ ಗಂಟಿಕ್ಕಿ, ಆಮೇಲೆ ಅವರೂ ಶಾಲಿನ ತುದಿಯನ್ನು ಬಾಯಿಗೊತ್ತಿಕೊಂಡು ನಗತೊಡಗಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಇಬ್ಬರು ಹೆಂಗಸರು ಕಣ್ಣೀರು ಬರುವಷ್ಟು ನಗುತ್ತಿದ್ದರು, ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು.

ಒಂದು ನಿಲ್ದಾಣದಷ್ಟು ಹಿಂದಕ್ಕೆ ನಡೆದು ಮನೆ ಸೇರಿದಾಗ ಮಗಳು ಶಾಲೆಯಿಂದ ಬಂದಿದ್ದಳು. ಹದಿನಾಲ್ಕರ ಹುಡುಗಿ, ಈಗ ಅಮ್ಮನಿಗಿಂತ ಎರಡು ಬೆರಳು ಎತ್ತರ. ಏನೂ ಕೇಳದೆ ಲಕೋಟೆ ಕಸಿದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ ಓದಿದಳು. ಅದರಲ್ಲಿ ಎಲ್ಲವೂ ಇತ್ತು: ಅಪರಾಧ, ಇಸವಿ, ಶಾಲೆಯ ಗೇಟು, ಷರತ್ತುಗಳು. ಮಗಳ ಕಣ್ಣು ಒಂದು ಕಡೆ ನಿಂತು, ಮುಂದೆ ಹೋಯಿತು. ಅವಳು ಮಗಳ ಮುಖವನ್ನೇ ನೋಡುತ್ತಿದ್ದಳು. ಮೂವರು ಅಧಿಕಾರಿಗಳ ಮುಂದೆ ಕೂತಾಗಲೂ ಇಷ್ಟು ಹೆದರಿರಲಿಲ್ಲ.

"ಮೂರು ತಿಂಗಳಿಗೊಂದು ಸಲ ರಕ್ತ ಕೊಡ್ಬೇಕಾ?"

"ಹೌದು."

"ನೋವಾಗುತ್ತಾ?"

"ಚುಚ್ಚೋರು ಯಾರು ಅನ್ನೋದರ ಮೇಲೆ."

"ನೀನು ಚುಚ್ಚಿದ್ರೆ?"

"ನಾನು ಚುಚ್ಚಿದ್ರೆ ಗೊತ್ತೇ ಆಗಲ್ಲ."

"ಜಂಬ," ಎಂದಳು ಮಗಳು. ಆಮೇಲೆ ಫ್ರಿಜ್ಜಿನ ಬಾಗಿಲಿನ ಮೇಲಿದ್ದ ತನ್ನ ಶಾಲೆಯ ವೇಳಾಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಆ ಪತ್ರವನ್ನು ನಟ್ಟನಡುವೆ ಇಟ್ಟು, ನಾಲ್ಕು ಮೂಲೆಗೂ ಅಯಸ್ಕಾಂತ ಒತ್ತಿದಳು.

"ಅಲ್ಲಿ ಬೇಡ್ವೇ. ಮನೆಗೆ ಬಂದವರೆಲ್ಲ ಓದ್ತಾರೆ."

ಮಗಳು ಎರಡು ಹೆಜ್ಜೆ ಹಿಂದೆ ನಿಂತು, ಪತ್ರ ಸೊಟ್ಟಗಿದೆಯೇನೋ ಎಂದು ತಲೆ ವಾಲಿಸಿ ನೋಡಿದಳು. ಎಡಗಡೆ ಸ್ವಲ್ಪ ಮೇಲಕ್ಕೆ ಸರಿಸಿದಳು.

"ಓದ್ಲಿ ಬಿಡಮ್ಮ," ಎಂದಳು.